ಫೆಬ್ರವರಿಯ ಕಂಬ ಯಾಕೆ ಗಿಡ್ಡ?

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಬಹಳವಾಗಿ ಬಳಸುವ ದತ್ತಾಂಶಗಳಲ್ಲೊಂದು, ನ್ಯೂಯಾರ್ಕಿನ ಮೂರು ನಿಲ್ದಾಣಗಳಿಂದ 2013ರಲ್ಲಿ ಹೊರಡಬೇಕಿದ್ದ 3,36,776 ವಿಮಾನಗಳ ಪಟ್ಟಿ. ತಿಂಗಳಿಗೊಂದರಂತೆ ಎಣಿಕೆಯ ಕಂಬ ನಿಲ್ಲಿಸಿದರೆ ಜನವರಿಗೆ 27,004, ಫೆಬ್ರವರಿಗೆ 24,951. ನೋಡಿದವರು ಫೆಬ್ರವರಿಯಲ್ಲಿ ಹಾರಾಟ ತಗ್ಗಿತೆಂದೇ ಓದಿಕೊಳ್ಳುತ್ತಾರೆ. ದಿನದ ಲೆಕ್ಕಕ್ಕೆ ಇಳಿಸಿ ನೋಡಿ: ಜನವರಿಗೆ 871, ಫೆಬ್ರವರಿಗೆ 891! ಮೂರು ದಿನದ ಕೊರತೆ ಕಂಬವನ್ನು ಗಿಡ್ಡ ಮಾಡಿದೆ, ಅಷ್ಟೇ. ಆದ್ದರಿಂದ ದಿನಾಂಕಗಳ ಹಿಸ್ಟೋಗ್ರಾಮಿಗೆ ಎಣಿಕೆಗಿಂತ ಸಾಂದ್ರತೆಯೇ, ಅಂದರೆ ಒಟ್ಟಿನಲ್ಲಿ ದಿನವೊಂದಕ್ಕೆ ಬೀಳುವ ಪಾಲೇ, ಸರಿ ಎನ್ನುತ್ತೇನೆ. ಆರ್‌ನ ಹಿಸ್ಟ್ ಆಜ್ಞೆಗೆ ದಿನಾಂಕಗಳನ್ನು ಕೊಟ್ಟು ತಿಂಗಳ ಗಡಿ ಹಿಡಿ ಎಂದರೆ, ತಾನಾಗಿಯೇ ಅದು ಸಾಂದ್ರತೆಯನ್ನು ಬಿಡಿಸುತ್ತದೆ. ಅಕ್ಷದ ಮೇಲೆ 0.0026ರಂಥ ಅಂಕಿ ಕಂಡ ಹೊಸಬರು ಬೆಚ್ಚಿ ಎಣಿಕೆಗೆ ಮರಳುತ್ತಾರೆ. ಅದನ್ನು ಒಟ್ಟು ಸಂಖ್ಯೆಯಿಂದ ಗುಣಿಸಿದರೆ ಸಿಗುವುದು ದಿನಕ್ಕೆಷ್ಟು ವಿಮಾನ ಎಂಬ ಸರಳ ಲೆಕ್ಕ.

ಕಂಬಗಳ ಅಗಲವನ್ನೇ ಸಮ ಮಾಡಿದರೆ ತಿಂಗಳ ಗೊಡವೆ ಯಾಕೆ ಎನ್ನುವವರಿದ್ದಾರೆ. ಆರ್‌ನಲ್ಲಿ ಚಿತ್ರ ಬಿಡಿಸುವ ಜಿಜಿಪ್ಲಾಟ್ ಪ್ಯಾಕೇಜ್ ಮಾಡುವುದು ಅದನ್ನೇ. ಬೇರೇನೂ ಹೇಳದಿದ್ದರೆ ವರ್ಷವನ್ನು ಮೂವತ್ತು ಭಾಗ ಮಾಡುತ್ತದೆ, ಭಾಗಕ್ಕೆ ಸುಮಾರು ಹನ್ನೆರಡು ದಿನ. ಇದು ಯಾವ ಕ್ಯಾಲೆಂಡರಿನ ಅಳತೆಯೂ ಅಲ್ಲ. ಕೆಲವು ಕಂಬಗಳಿಗೆ ಒಂದು ಶನಿವಾರ, ಕೆಲವಕ್ಕೆ ಎರಡು. ಆ ವರ್ಷ ಸೋಮವಾರದ ಸರಾಸರಿ 975 ವಿಮಾನ, ಶನಿವಾರದ್ದು 745. ಹೀಗಾಗಿ ಚಿತ್ರ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ; ಅದರಲ್ಲಿ ಋತುಮಾನ ಹುಡುಕಿ ಫಲವಿಲ್ಲ. ಸಮ ಅಗಲವೇ ಬೇಕೆಂದರೆ ಏಳರ ಗುಣಕ ಹಿಡಿಯಲಿ. ಗಂಟೆ, ನಿಮಿಷವಿರುವ ದತ್ತಾಂಶಕ್ಕೆ ದಿನವೆಂದು 86,400 ಸೆಕೆಂಡು ಕೊಡುವುದೂ ಅಪಾಯವೇ: ಗಡಿಯಾರ ಮುಂದೆ ಹೋದ ಮಾರ್ಚ್ 10ರಂದು ನ್ಯೂಯಾರ್ಕಿಗೆ ಇದ್ದದ್ದು 23 ಗಂಟೆ. ಸ್ಥಳೀಯ ಸಮಯದಲ್ಲಿ ಅಲ್ಲಿಂದ ನವೆಂಬರ್ 3ರವರೆಗೆ ಮಧ್ಯರಾತ್ರಿಯ ಗಡಿ ಒಂದು ಗಂಟೆಗೆ ಸರಿದಿರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ವಿಮಾನಕ್ಕಿಷ್ಟು ಎಂದು ತಿಂಗಳ ಶುಲ್ಕ ವಸೂಲಿ ಮಾಡುವ ಕಚೇರಿಗೆ 24,951 ಎಂಬ ಎಣಿಕೆಯೇ ಬೇಕು. ಒಪ್ಪಿದೆ, ಆದರೆ ಅವರಿಗೆ ಬಾರ್ ಚಾರ್ಟ್ ಸಾಕು; ಕಂಬಗಳ ನಡುವೆ ಸಂದು ಬಿಟ್ಟು ಬಿಡಿಸಿಕೊಳ್ಳಲಿ. ನನ್ನ ಒಲವು ವಾರದ ಕಂಬಗಳ ಕಡೆಗೆ. ಅಲ್ಲಿ ತಕರಾರು ಬರುವುದು ಎರಡು ತುದಿಗಳಲ್ಲಿ: ಆರ್‌ನ ವಾರ ಶುರುವಾಗುವುದು ಸೋಮವಾರ, 2013 ಶುರುವಾದದ್ದೂ ಮುಗಿದದ್ದೂ ಮಂಗಳವಾರ. ಮೊದಲ ಕಂಬಕ್ಕೆ ಆರೇ ದಿನ, ಕೊನೆಯದಕ್ಕೆ ಎರಡೇ. ಅಗಲ ಮಾತ್ರ ಏಳು ದಿನದ್ದೇ ಆಗಿರುವುದರಿಂದ ಸಾಂದ್ರತೆಯೂ ಇಲ್ಲಿ ಕೈಕೊಡುತ್ತದೆ. ಆ ಎರಡು ತುಂಡು ವಾರಗಳನ್ನು ಚಿತ್ರ ಬಿಡಿಸುವ ಮೊದಲೇ ಕೈಬಿಡಬೇಕು.