ಸ್ಮೃತಿಭ್ರಂಶ ನಿರ್ಣಯದಲ್ಲಿ ಚಿತ್ರಪ್ರಮಾಣಗಳ ತಾರತಮ್ಯ

ಹಿಂದಿನ ಅನುಭವವು ಉಳಿಸಿದ ಸಂಸ್ಕಾರದಿಂದ ಸ್ಮೃತಿಯು ಹುಟ್ಟುವುದೆಂಬುದು ತಾರ್ಕಿಕರ ಮತ. ಬಾಲ್ಯದಲ್ಲಿ ಕಲಿತ ಪದ್ಯವನ್ನು ತಪ್ಪಿಲ್ಲದೆ ಹೇಳುವ ವೃದ್ಧನು ಬೆಳಿಗ್ಗೆ ಉಂಡುದನ್ನು ಮರೆಯುವನಾದರೆ, ಹಳೆಯ ಸಂಸ್ಕಾರವು ಅಳಿದಿಲ್ಲ, ಹೊಸದು ನೆಲೆಗೊಳ್ಳುತ್ತಿಲ್ಲವೆಂದೇ ಹೇಳಬೇಕಾಗುತ್ತದೆ. ಜರ್ಮನಿಯ ವೈದ್ಯನಾದ ಆಲ್‌ಜೈಮರನು 1906ರಲ್ಲಿ ವರ್ಣಿಸಿದ ವ್ಯಾಧಿಯ ಸಾಮಾನ್ಯ ಲಕ್ಷಣವಿದು. ಅವನು ಅದರ ಗುರುತುಗಳನ್ನು ಕಂಡುದು ರೋಗಿಯ ಮರಣಾನಂತರದಲ್ಲಿ. ಜೀವಿತರ ಮಿದುಳನ್ನು ಪರೀಕ್ಷಿಸಲು ಇಂದು ಹಲವು ಚಿತ್ರಣವಿಧಾನಗಳುಂಟು. ಅವುಗಳ ತಾರತಮ್ಯವನ್ನು ಯಂತ್ರದ ಬೆಲೆಯಿಂದಾಗಲಿ ಚಿತ್ರದ ಸ್ಫುಟತೆಯಿಂದಾಗಲಿ ನಿರ್ಣಯಿಸುವುದು ಸಾಧುವಲ್ಲ. ಕಾಣುವುದು ರೋಗವೋ ರೋಗದ ಲಿಂಗವೋ ಎಂಬುದನ್ನೇ ಮೊದಲು ವಿಚಾರಿಸತಕ್ಕದ್ದು.

ಸಿ.ಟಿ. ಚಿತ್ರವು ಗಡ್ಡೆ, ರಕ್ತಸ್ರಾವ ಮುಂತಾದ ಅನ್ಯಕಾರಣಗಳನ್ನು ನಿವಾರಿಸುವುದರಲ್ಲಿ ಸಮರ್ಥವಾದುದು. ಎಂ.ಆರ್.ಐ. ಚಿತ್ರದಲ್ಲಿ ಸ್ಮೃತಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗವು ಕುಗ್ಗಿರುವುದು ಕಾಣುತ್ತದೆ. ಆದರೆ ಈ ಕುಗ್ಗುವಿಕೆಯು ಇತರ ವ್ಯಾಧಿಗಳಲ್ಲಿಯೂ ಕಂಡುಬರುವುದರಿಂದ ಹೇತುವು ಸವ್ಯಭಿಚಾರವಾಗುತ್ತದೆ. ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುವ ವಿಕಿರಣಶೀಲ ಫ್ಲೋರಿನ್ ಬೆರೆತ ಸಕ್ಕರೆಯಿಂದ ಪಡೆವ ಪೆಟ್ ಚಿತ್ರವು ಯಾವ ಭಾಗವು ಕಡಿಮೆ ಸಕ್ಕರೆಯನ್ನು ಬಳಸುತ್ತಿದೆಯೆಂಬುದನ್ನು ತಿಳಿಸಿ, ಮರೆವಿನ ವ್ಯಾಧಿಗಳಲ್ಲಿ ಒಂದನ್ನು ಮತ್ತೊಂದರಿಂದ ಬೇರ್ಪಡಿಸಲು ನೆರವಾಗುತ್ತದೆ.

2004ರಲ್ಲಿ ಪಿಟ್ಸ್‌ಬರ್ಗ್ ಸಂಯುಕ್ತದ ಮೂಲಕ ಜೀವಿತರಲ್ಲಿಯೇ ಅಮಿಲಾಯ್ಡ್ ಸಂಚಯವನ್ನು ತೋರಿಸಿದ ವರದಿ ಪ್ರಕಟವಾದ ಮೇಲೆ ಸಂದೇಹವೆಲ್ಲ ತೀರಿತೆಂದು ಕೆಲವರು ಭಾವಿಸುವುದುಂಟು. ಇಲ್ಲಿಯೇ ಎಚ್ಚರಿಕೆಯು ಬೇಕು. ಈ ಸಂಚಯವಿದ್ದೂ ಸ್ಮೃತಿಯು ಕೆಡದ ವೃದ್ಧರು ಅನೇಕರಿದ್ದಾರೆ. ಬೆಂಕಿಯಿಲ್ಲದೆಡೆ ಹೊಗೆಯಿಲ್ಲ; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಅಮಿಲಾಯ್ಡು ಇಲ್ಲಿ ಬೆಂಕಿಯ ಸ್ಥಾನದಲ್ಲಿದೆ, ಮರೆವು ಹೊಗೆಯ ಸ್ಥಾನದಲ್ಲಿದೆ. ಆದಕಾರಣ ಸಂಚಯದ ಅಭಾವವು ಈ ವ್ಯಾಧಿಯನ್ನು ಬಲವಾಗಿ ನಿಷೇಧಿಸುತ್ತದೆ. ಅದರ ಸದ್ಭಾವವೊಂದೇ ಮರೆವಿನ ಕಾರಣವನ್ನು ಸಾಧಿಸದು. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೌ ಚಿತ್ರಣವು ಮರೆವಿನ ತೀವ್ರತೆಗೆ ಹೆಚ್ಚು ಸಮೀಪವಾಗಿ ಅನುಗುಣವಾದರೂ ಆರಂಭದಶೆಯಲ್ಲಿ ದುರ್ಬಲವಾಗಿದೆ.

ಹರಿಹರದ ಬಳಿಯ ಭಾನುವಳ್ಳಿಯಂತಹ ಗ್ರಾಮದ ಕುಟುಂಬಕ್ಕೆ ಈ ವಿವೇಕವು ಕೇವಲ ವಾದವಿಷಯವಲ್ಲ. ಎಂ.ಆರ್.ಐ.ಗೆ ದಾವಣಗೆರೆಯು ಸಮೀಪ. ಬೆಂಗಳೂರಾದರೋ 250 ಕಿಲೋಮೀಟರಿಗೂ ಮಿಕ್ಕ ದೂರ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ವಿಷಾದ ಇವುಗಳಿಂದಲೂ ಮರೆವು ಬರಬಹುದು, ಇವು ಚಿಕಿತ್ಸಾಸಾಧ್ಯ. ಇವನ್ನು ಪರೀಕ್ಷಿಸದೆ ಹೊಲ ಮಾರಿ ಪೆಟ್ ಚಿತ್ರಕ್ಕೆ ಓಡುವುದು ಪ್ರಮಾಣಕ್ರಮವನ್ನು ತಲೆಕೆಳಗು ಮಾಡಿದಂತೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್‌ನಂತಹ ಔಷಧವನ್ನು ಕೊಡಬೇಕಾದಲ್ಲಿ ಮಾತ್ರ ಅಮಿಲಾಯ್ಡ್ ಸಂಚಯವನ್ನು ಸ್ಥಾಪಿಸುವುದು ಅವಶ್ಯವಾಗುತ್ತದೆ.

ಎಲ್ಲಕ್ಕೂ ಮೊದಲಿನದು ರೋಗಿಯ ಮಾತು. ತಾರೀಖನ್ನು ಹೇಳಲಾರದ ಅನಕ್ಷರಸ್ಥ ರೈತನು ಆರಿದ್ರಾ ಮಳೆ ನಡೆಯುತ್ತಿದೆಯೆಂದು ಸರಿಯಾಗಿ ಹೇಳಿದರೆ ಅವನ ಕಾಲಜ್ಞಾನವು ಕೆಟ್ಟಿಲ್ಲ. ಅಕ್ಷರಸ್ಥರಿಗಾಗಿ ರಚಿಸಿದ ಪ್ರಶ್ನೆಗಳಿಂದ ಅವನನ್ನು ಅಳೆದು, ಆ ತಪ್ಪು ಅಳತೆಗೆ ಚಿತ್ರದ ಸಮರ್ಥನೆಯನ್ನು ಹುಡುಕುವುದು ಅನರ್ಥಕಾರಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ ಗ್ರಾಮವಾಸಿಗಳನ್ನು ಕುರಿತು ಕೈಗೊಂಡಿರುವ ದೀರ್ಘಾಧ್ಯಯನದ ಬೆಲೆಯು ಇಲ್ಲಿಯೇ ವ್ಯಕ್ತವಾಗುತ್ತದೆ. ಈ ನೆಲದ ಜನರ ಸಹಜಸ್ಥಿತಿಯು ತಿಳಿದಲ್ಲದೆ ವಿಕೃತಿಯು ತಿಳಿಯದು. ತಕ್ಕ ಪ್ರಶ್ನೆಯನ್ನು ತಕ್ಕ ನುಡಿಯಲ್ಲಿ ಕೇಳಿದ ಬಳಿಕವೇ ಚಿತ್ರವು ಸಾಕ್ಷಿಯಾಗಬಲ್ಲುದು.