ಮೇಜಿನ ಮೇಲಿಟ್ಟ ಪಿಸ್ತೂಲು

ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುವುದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ. ಠಾಣೆಯಲ್ಲೋ ನ್ಯಾಯಾಲಯದಲ್ಲೋ ಹೇಳಿದರೆ ಅದು ತಪ್ಪೊಪ್ಪಿಗೆ. ಚರ್ಚಿನಲ್ಲಿ ಗುರುಗಳ ಮುಂದೆ ಹೇಳಿದರೆ ಪಾಪನಿವೇದನೆ. ಒಂದರ ಕೊನೆಗೆ ಶಿಕ್ಷೆ, ಇನ್ನೊಂದರ ಕೊನೆಗೆ ಕ್ಷಮೆ. ಠಾಣೆಯೂ ಚರ್ಚೂ ಎರಡೂ ಇಲ್ಲವಾದ ಲೋಕದಲ್ಲಿ ಒಬ್ಬ ಮನುಷ್ಯ ತಾನು ಮಾಡಿದ್ದನ್ನು ಯಾರಿಗೆ ಹೇಳಬೇಕು? ಹೇಳಿದರೆ ಏನಾಗುತ್ತದೆ?

‘ದಿ ವಾಕಿಂಗ್ ಡೆಡ್’ ಸರಣಿಯನ್ನು ನಾನು ಈ ಪ್ರಶ್ನೆಗಾಗಿ ಮತ್ತೆ ನೋಡಿದೆ. ರಾಬರ್ಟ್ ಕರ್ಕ್‌ಮನ್ ಬರೆದ, 2003ರಲ್ಲಿ ಶುರುವಾದ ಕಾಮಿಕ್ಸ್ ಇದರ ಮೂಲ. ಎಎಂಸಿ ವಾಹಿನಿಯಲ್ಲಿ 2010ರಿಂದ 2022ರವರೆಗೆ 11 ಸೀಸನ್, 177 ಕಂತು ಓಡಿತು. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುವ ಕತೆಯೆಂದು ಇದನ್ನು ಪಕ್ಕಕ್ಕಿಟ್ಟವರೇ ಹೆಚ್ಚು. ಆದರೆ ಇಲ್ಲಿ ಹೆಣಗಳಿಗಿಂತ ಹೆಚ್ಚು ಬೆನ್ನಟ್ಟುವುದು ಬದುಕಿರುವವರು ಬದುಕಿರುವವರಿಗೆ ಮಾಡಿದ್ದು.

ಎರಡನೇ ಸೀಸನ್ನಿನ ಶೇನ್‌ನಿಂದ ಆರಂಭಿಸೋಣ. ಗುಂಡು ತಗಲಿದ ಬಾಲಕ ಕಾರ್ಲ್‌ನನ್ನು ಉಳಿಸಲು ವೈದ್ಯಕೀಯ ಸಾಮಗ್ರಿ ತರಲು ಶೇನ್ ಮತ್ತು ಓಟಿಸ್ ಹೋಗುತ್ತಾರೆ. ಹಿಂದಿನಿಂದ ಹೆಣಗಳ ಹಿಂಡು ಬರುತ್ತಿರುವಾಗ ಶೇನ್ ಓಟಿಸ್‌ನ ಕಾಲಿಗೆ ಗುಂಡು ಹೊಡೆದು, ಅವನನ್ನು ಹಿಂಡಿಗೆ ಬಿಟ್ಟು ಪಾರಾಗುತ್ತಾನೆ. ಹುಡುಗ ಬದುಕುತ್ತಾನೆ. ಅಂತ್ಯಸಂಸ್ಕಾರದ ದಿನ ಓಟಿಸ್‌ನ ಹೆಂಡತಿ ಪೆಟ್ರೀಶಿಯಾ, ನನ್ನ ಗಂಡನ ಕೊನೆಯ ಗಳಿಗೆ ಹೇಗಿತ್ತು ಹೇಳು ಎಂದು ಬೇಡಿದಾಗ, ಅವನು ನಮಗಾಗಿ ತಾನೇ ಪ್ರಾಣ ಕೊಟ್ಟ ಎಂದು ಶೇನ್ ಸುಳ್ಳು ಹೇಳುತ್ತಾನೆ. ಮುಂದೆ ನಿಜ ಒಬ್ಬೊಬ್ಬರಿಗೇ ಗೊತ್ತಾಗುತ್ತದೆ. ರಿಕ್‌ನೊಂದಿಗೆ ಆ ವಿಷಯ ಚರ್ಚೆಯೂ ಆಗುತ್ತದೆ. ಆದರೆ ಆ ಮಾತನ್ನು ಕೇಳಬೇಕಾಗಿದ್ದವಳು ಪೆಟ್ರೀಶಿಯಾ ಒಬ್ಬಳೇ. ಅವಳಿಗೆ ಯಾರೂ ಹೇಳುವುದಿಲ್ಲ.

ರಿಕ್‌ನ ಒಪ್ಪಿಗೆ ಬೇರೆ ಥರದ್ದು. ಅದೇ ಸೀಸನ್ನಿನ ಕೊನೆಯಲ್ಲಿ, ಗೆಳೆಯ ಶೇನ್‌ನನ್ನು ಕೊಂದದ್ದು ತಾನೇ ಎಂದು ಅವನು ಎಲ್ಲರೆದುರು ಹೇಳುತ್ತಾನೆ. ಕೇಳಲು ಅದು ಧೈರ್ಯದ ಮಾತು. ಆದರೆ ಅದೇ ಉಸಿರಿನಲ್ಲಿ, ನಿಮಗೋಸ್ಕರ ಕೊಂದೆ, ಇನ್ನು ಮುಂದೆ ಇಲ್ಲಿ ಪ್ರಜಾಪ್ರಭುತ್ವವಿಲ್ಲ ಎಂದೂ ಹೇಳುತ್ತಾನೆ. ತಪ್ಪನ್ನು ಒಪ್ಪಿಕೊಂಡವನು ತಲೆ ತಗ್ಗಿಸುವ ಬದಲು ನಾಯಕನ ಜಾಗದಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತಾನೆ.

ಐದನೇ ಸೀಸನ್ನಿನ ಪಾದ್ರಿ ಗೇಬ್ರಿಯಲ್ ಇನ್ನೊಂದು ತುದಿ. ನನ್ನ ಪಾಪಗಳನ್ನು ನಾನು ದೇವರಿಗೆ ಹೇಳಿಕೊಳ್ಳುತ್ತೇನೆ, ಅಪರಿಚಿತರಿಗಲ್ಲ ಎನ್ನುವವನು ಅವನು. ಕೊನೆಗೆ ಒತ್ತಡಕ್ಕೆ ಸಿಕ್ಕಿ ನಿಜ ಹೊರಬರುತ್ತದೆ: ಆಶ್ರಯ ಬೇಡಿ ಬಂದ ತನ್ನದೇ ಸಭೆಯ ಜನ ಹೊರಗೆ ಬಾಗಿಲು ಬಡಿಯುತ್ತಿದ್ದಾಗ ಅವನು ಅಗುಳಿ ತೆಗೆಯಲಿಲ್ಲ. ದೇವರಿಗೆ ಹೇಳಿಕೊಂಡದ್ದು ಸುಳ್ಳಲ್ಲದಿರಬಹುದು. ಆದರೆ ನಮ್ಮ ದೇವಸ್ಥಾನಗಳ ತಪ್ಪುಕಾಣಿಕೆಯ ಹಾಗೆ, ಅದು ಹುಂಡಿಗೆ ಬೀಳುತ್ತದೆಯೇ ಹೊರತು ನೊಂದವರ ಕೈಗೆ ತಲುಪುವುದಿಲ್ಲ.

ಈ ಮೂವರ ಪಕ್ಕದಲ್ಲಿ ಕ್ಯಾರಲ್‌ಳನ್ನು ಇಟ್ಟು ನೋಡಬೇಕು. ನಾಲ್ಕನೇ ಸೀಸನ್ನಿನಲ್ಲಿ ಎಲ್ಲರೂ ಒಂದು ಜೈಲಿನಲ್ಲಿ ನೆಲೆಸಿರುವಾಗ ಮಾರಣಾಂತಿಕ ಜ್ವರ ಹಬ್ಬುತ್ತದೆ. ಅದು ಉಳಿದವರಿಗೆ ತಗಲಬಾರದೆಂದು ಕ್ಯಾರಲ್ ರೋಗಿಗಳಾದ ಕ್ಯಾರೆನ್ ಮತ್ತು ಡೇವಿಡ್ ಇಬ್ಬರನ್ನೂ ಕೊಂದು ಸುಡುತ್ತಾಳೆ. ಕ್ಯಾರೆನ್ ಟೈರೀಸ್‌ನ ಪ್ರೇಯಸಿ. ನೀನೇ ಕೊಂದೆಯಾ ಎಂದು ರಿಕ್ ಕೇಳಿದಾಗ ಕ್ಯಾರಲ್ ಹೌದು ಎನ್ನುತ್ತಾಳೆ. ಅವನು ಅವಳನ್ನು ಗುಂಪಿನಿಂದ ಹೊರಹಾಕುತ್ತಾನೆ. ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಆಯಿತು. ಟೈರೀಸ್‌ಗೆ ಮಾತ್ರ ಏನೂ ಗೊತ್ತಿಲ್ಲ.

2014ರ ಮಾರ್ಚ್‌ನಲ್ಲಿ ಪ್ರಸಾರವಾದ ‘ದಿ ಗ್ರೋವ್’ ಕಂತಿನಲ್ಲಿ ಆ ಬಾಕಿ ಎದುರಾಗುತ್ತದೆ. ಜೈಲು ಬಿದ್ದುಹೋಗಿದೆ. ಕಾಡಿನ ನಡುವಿನ ಒಂಟಿ ಮನೆಯಲ್ಲಿ ಕ್ಯಾರಲ್, ಟೈರೀಸ್, ಲಿಜ್ಜಿ ಮತ್ತು ಮೀಕಾ ಎಂಬ ಅಕ್ಕತಂಗಿಯರು, ಒಂದು ಹಸುಗೂಸು ಇದ್ದಾರೆ. ಸತ್ತವರು ಬೇರೆಯಾಗಿ ಬದುಕಿದ್ದಾರೆಂದೇ ನಂಬಿದ ಲಿಜ್ಜಿ, ಎದ್ದು ಬರುತ್ತಾಳೆಂದು ತೋರಿಸಲು ತಂಗಿಯನ್ನು ಕೊಲ್ಲುತ್ತಾಳೆ. ಕೂಸನ್ನು ಕಾಪಾಡಬೇಕಾದ ಕ್ಯಾರಲ್ ಲಿಜ್ಜಿಯನ್ನು ಹೂಗಳ ಬಳಿ ಕರೆದೊಯ್ದು ಗುಂಡು ಹೊಡೆಯುತ್ತಾಳೆ. ಆ ರಾತ್ರಿ ಮೇಜಿನ ಎದುರುಬದುರು ಕೂತಾಗ, ಕ್ಯಾರೆನ್‌ಳನ್ನು ಕೊಂದದ್ದು ನಾನೇ ಎಂದು ಟೈರೀಸ್‌ಗೆ ಹೇಳಿ, ಪಿಸ್ತೂಲನ್ನು ಅವನತ್ತ ಸರಿಸಿ, ನಿನಗೆ ಮಾಡಬೇಕೆನಿಸಿದ್ದನ್ನು ಮಾಡು ಎನ್ನುತ್ತಾಳೆ. ಕ್ಯಾರೆನ್ ಹೆದರಿದ್ದಳೇ ಎಂದು ಮಾತ್ರ ಅವನು ಕೇಳುತ್ತಾನೆ. ಕೊನೆಗೆ ಕ್ಷಮಿಸುತ್ತಾನೆ; ಮರೆಯಲಾರೆ ಎಂದೂ ಹೇಳುತ್ತಾನೆ.

ಉಳಿದ ಮೂವರೂ ಮಾಡದ ಎರಡು ಕೆಲಸಗಳನ್ನು ಕ್ಯಾರಲ್ ಮಾಡಿದ್ದಾಳೆ. ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಿದಳು. ಹೇಳಿದ ಮೇಲೆ ಏನಾಗಬೇಕೆಂಬ ತೀರ್ಮಾನವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ.  ತಪ್ಪೊಪ್ಪಿಗೆಯನ್ನು ಹೊಣೆಗಾರಿಕೆ ಎಂದು ಕರೆಯಲು ಇಷ್ಟಾದರೂ ಬೇಕು ಎನ್ನುವುದು ನನ್ನ ಅನಿಸಿಕೆ.

ಆದರೂ ಈ ದೃಶ್ಯವನ್ನು ಮೆಚ್ಚಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಕಾಡಿನಲ್ಲಿ ಹಸುಗೂಸು ಹೊತ್ತ ಇಬ್ಬರೇ ಉಳಿದಿರುವಾಗ ಟೈರೀಸ್‌ಗೆ ಕ್ಯಾರಲ್ ಬೇಕೇ ಬೇಕು. ಬೇರೆ ದಾರಿಯಿಲ್ಲದವನ ಕ್ಷಮೆ ಎಷ್ಟು ಸ್ವತಂತ್ರ? ಅದಕ್ಕಿಂತ ದೊಡ್ಡ ಕೊರತೆ ಡೇವಿಡ್‌ನದು. ಕ್ಯಾರೆನ್ ಪರವಾಗಿ ಕೇಳಲು ಟೈರೀಸ್ ಇದ್ದ. ಡೇವಿಡ್ ಹೆದರಿದ್ದನೇ ಎಂದು ಕೇಳಲು ಆ ಮೇಜಿನ ಬಳಿ ಯಾರೂ ಇರಲಿಲ್ಲ. ನಾವು ನೋಡುಗರೂ ಅವನನ್ನು ಮರೆತೇ ಕಣ್ಣೊರೆಸಿಕೊಂಡೆವು. ನ್ಯಾಯಾಲಯವೆಂಬುದು ಮನುಷ್ಯರಿಗೆ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲಿದೆ: ಕೇಳುವವರಿಲ್ಲದ ಡೇವಿಡ್‌ನಂಥವರ ಹೆಸರನ್ನೂ ಯಾರಾದರೂ ಒಬ್ಬರು ಕೂಗಿ ಕರೆಯಬೇಕಲ್ಲ.