ಪಟ್ಟಿ ಇರಲಿ, ಕಟ್ಟಳೆ ಬೇಡ

ಸುಬ್ರಹ್ಮಣ್ಯಪುರದಿಂದ ಜೆ.ಪಿ. ನಗರದವರೆಗೆ ಈಗ ಚೆಸ್ ಕ್ಲಾಸುಗಳಿಗೆ ಬರವಿಲ್ಲ. ಸಂಜೆಯಾದರೆ ಮನೆಯ ಮಹಡಿಯಲ್ಲೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಮಕ್ಕಳು ಬೋರ್ಡು ಹಾಸಿಕೊಂಡು ಕೂರುತ್ತಾರೆ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರ ಹಿಂದೆ ಸ್ಟ್ಯಾನಿ, ಗಿರೀಶ್ ಕೌಶಿಕ್ ಬಂದರು. ಕಲಿಯುವವರು ಹೆಚ್ಚಿದಷ್ಟೂ ಏನನ್ನು, ಹೇಗೆ ಕಲಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವ ಹೊಣೆಯೂ ಹೆಚ್ಚುತ್ತದೆ.

ಓಪನಿಂಗನ್ನು ಬಾಯಿಪಾಠ ಮಾಡಿಸಬಹುದು. ಕಷ್ಟ ಶುರುವಾಗುವುದು ಹದಿನೈದನೇ ನಡೆಯ ಆಸುಪಾಸಿನಲ್ಲಿ, ಕಲಿತದ್ದೆಲ್ಲ ಮುಗಿದು ಮಿಡಲ್ ಗೇಮ್ ಎದುರಾದಾಗ. ಅಲ್ಲಿ ಕ್ಲಾಸುಗಳು ಹೇಳಿಕೊಡುವ ವಿಧಾನದ ಮೂಲ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೊವ್ ಬರೆದ, 1971ರಲ್ಲಿ ಇಂಗ್ಲಿಷಿಗೆ ಬಂದ ‘ಥಿಂಕ್ ಲೈಕ್ ಎ ಗ್ರ್ಯಾಂಡ್‌ಮಾಸ್ಟರ್’. ಆಡಲು ಯೋಗ್ಯವೆನಿಸುವ ನಡೆಗಳನ್ನೆಲ್ಲ ಮೊದಲೇ ಪಟ್ಟಿ ಮಾಡು, ಇವೇ ಕ್ಯಾಂಡಿಡೇಟ್ ಮೂವ್‌ಗಳು. ಆಮೇಲೆ ಒಂದೊಂದನ್ನೂ ಒಮ್ಮೆ, ಒಮ್ಮೆ ಮಾತ್ರ, ಕೊನೆಯವರೆಗೆ ಲೆಕ್ಕ ಹಾಕು. ಇಷ್ಟು ಅದರ ಸಾರ.

ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಕೊಟೊವ್ ವರ್ಣಿಸುವ ಆಟಗಾರನನ್ನು ಯಾವ ಟೂರ್ನಿಯಲ್ಲೂ ಕಾಣಬಹುದು. ಎರಡು ನಡೆಗಳ ನಡುವೆ ಅರ್ಧ ಗಂಟೆ ತೂಗಾಡಿ, ಗಡಿಯಾರ ನೋಡಿ ಗಾಬರಿಯಾಗಿ, ಯೋಚಿಸಿಯೇ ಇರದ ಮೂರನೆಯದನ್ನು ಆಡಿ ಸೋಲುತ್ತಾನೆ. ಈ ರೋಗಕ್ಕೆ ಪಟ್ಟಿಯೇ ಮದ್ದು. ಮೊದಲು ಕಣ್ಣಿಗೆ ಬಿದ್ದ ನಡೆಗೆ ಅಂಟಿಕೊಳ್ಳುವ ಮಗುವನ್ನು ಅದು ಬಿಡಿಸುತ್ತದೆ.

ಎರಡನೇ ಮಾತು ಮಾತ್ರ ನಿಲ್ಲುವುದಿಲ್ಲ. ಬಿಳಿಯವರಿಗೆ ಡಿ4ರಲ್ಲಿ ಒಂಟಿ ಕಾಲಾಳು; ಕಪ್ಪಿನ ಕಾಲಾಳು ಇ6ರಲ್ಲಿ, ಒಂಟೆ ಇ7ರಲ್ಲಿ. ಇದು ಕ್ಲಾಸಿನಲ್ಲಿ ದಿನವೂ ಬರುವ ಸ್ಥಿತಿ. ಹುಡುಗಿ ಮೊದಲು ಡಿ5ಕ್ಕೆ ತಳ್ಳುವುದನ್ನು ನೋಡುತ್ತಾಳೆ: ಕಾಲಾಳು ಹೊಡೆದಾಟವಾಗಿ ಆಟ ಸಮವಾಗುತ್ತದೆ, ಲಾಭವಿಲ್ಲ. ಮುಂದೆ ಆನೆಯನ್ನು ಇ1ಕ್ಕೆ ತರುವುದನ್ನು ನೋಡುತ್ತಾಳೆ. ಆಗ ಹೊಳೆಯುತ್ತದೆ: ಆನೆ ಅಲ್ಲಿದ್ದರೆ, ಡಿ5ಕ್ಕೆ ತಳ್ಳಿದಾಗ ಇ6ರ ಕಾಲಾಳು ಹೊಡೆಯಲು ಹೋದ ಕೂಡಲೇ ಸಾಲು ತೆರೆದು, ಆನೆಯ ದೃಷ್ಟಿ ನೇರ ಇ7ರ ಒಂಟೆಯ ಮೇಲೆ ಬೀಳುತ್ತದೆ. ಪಕ್ಕಕ್ಕಿಟ್ಟಿದ್ದ ನಡೆಗೆ ಈಗ ಹಲ್ಲು ಬಂತು. ಹಾಗಾದರೆ ಇವತ್ತಿನ ನಡೆ ಆನೆಯದು, ನಾಳೆಯದು ಕಾಲಾಳಿನದು. ಒಮ್ಮೆ ನೋಡಿದ್ದನ್ನು ಮತ್ತೆ ನೋಡಬೇಡ ಎಂದಿದ್ದರೆ ಈ ಯೋಜನೆ ಹುಟ್ಟುತ್ತಲೇ ಇರಲಿಲ್ಲ. ಹತ್ತು ಸೀರೆ ಬಿಡಿಸಿ ನೋಡಿದ ಮೇಲೆ ಮೊದಲನೆಯದರ ಬೆಲೆ ತಿಳಿಯುವ ಹಾಗೆ, ಒಂದು ನಡೆಯ ಯೋಗ್ಯತೆ ಇನ್ನೊಂದನ್ನು ನೋಡಿದಾಗ ತಿಳಿಯುತ್ತದೆ.

ಡಚ್ ಮನಶ್ಶಾಸ್ತ್ರಜ್ಞ ಅಡ್ರಿಯಾನ್ ಡಿ ಗ್ರೂಟ್ ಇದನ್ನು ಕೊಟೊವ್‌ಗಿಂತ ಮೊದಲೇ ತೋರಿಸಿದ್ದರು. ಅಲೆಖಿನ್, ಯೂವೆ, ಕೆರೆಸ್‌ರಂಥವರನ್ನು ಬೋರ್ಡಿನ ಮುಂದೆ ಕೂರಿಸಿ, ಯೋಚನೆಯನ್ನು ಬಾಯಿಬಿಟ್ಟು ಹೇಳಿಸಿ, 1946ರಲ್ಲಿ ಪ್ರಬಂಧ ಬರೆದರು. ಅವರೆಲ್ಲ ಒಂದೇ ನಡೆಗೆ ಮತ್ತೆ ಮತ್ತೆ ಮರಳಿ, ಪ್ರತಿಸಲವೂ ಇನ್ನಷ್ಟು ಆಳಕ್ಕೆ ಇಳಿಯುತ್ತಿದ್ದರು. ಮರಳುವುದು ತಪ್ಪಲ್ಲ, ಹೊಸದೇನೂ ಕೈಗೆ ಸಿಗದೆ ಮರಳುವುದು ತಪ್ಪು. ಕೊಟೊವ್‌ರ ಕಟ್ಟಳೆ ಈ ಎರಡನ್ನೂ ಒಂದೇ ಏಟಿಗೆ ಹೊಡೆದುಹಾಕುತ್ತದೆ.

ಇನ್ನು ಪಟ್ಟಿ ಹುಟ್ಟುವ ಬಗೆ. ‘ಚೆಕ್, ಹೊಡೆತ, ಬೆದರಿಕೆ’ ಎಂಬ ಕ್ರಮದಲ್ಲಿ ಹುಡುಕಿಸುವುದು ಕ್ಲಾಸುಗಳ ವಾಡಿಕೆ. ಅದರ ಶಕ್ತಿ ದೊಡ್ಡದು. 1953ರ ಜ್ಯೂರಿಕ್ ಟೂರ್ನಿಯಲ್ಲಿ ಅವೆರ್ಬಾಖ್ ವಿರುದ್ಧ ಕೊಟೊವ್ ತಮ್ಮ 30ನೇ ನಡೆಯಲ್ಲಿ ಎಚ್3ರ ಕಾಲಾಳಿಗಾಗಿ ರಾಣಿಯನ್ನೇ ಕೊಟ್ಟು ಬಿಳಿ ರಾಜನನ್ನು ಬಯಲಿಗೆಳೆದರು. ಅದು ಚೆಕ್ಕೂ ಹೌದು, ಹೊಡೆತವೂ ಹೌದು. ಈ ಕ್ರಮ ಪಾಲಿಸಿದ ಮಗುವಿನ ಪಟ್ಟಿಯಲ್ಲೂ ಅದು ಬಂದೇ ಬರುತ್ತಿತ್ತು. ಆದರೆ ಆಟ ಮುಗಿದದ್ದು 51ನೇ ನಡೆಗೆ. ಅಷ್ಟು ದೂರವನ್ನು ಯಾರೂ ಮೊದಲೇ ಎಣಿಸಿಟ್ಟುಕೊಳ್ಳಲಾರರು. ಬಯಲಲ್ಲಿ ನಿಂತ ರಾಜ, ಅವನ ನೆರವಿಗೆ ಬರಲಾಗದ ಕಾಯಿಗಳು: ಇದನ್ನು ಅಳೆದು ನೋಡುವ ವಿವೇಕ ಲೆಕ್ಕಕ್ಕೆ ಜೊತೆಯಾಗಬೇಕು.

ಈ ಕ್ರಮದ ಕೊರತೆಯೂ ಅಷ್ಟೇ ಸ್ಪಷ್ಟ. ಮೇಲಿನ ಆನೆಯ ನಡೆಯನ್ನೇ ನೋಡಿ: ಅದು ಚೆಕ್ಕಲ್ಲ, ಹೊಡೆತವಲ್ಲ, ಎದ್ದು ಕಾಣುವ ಬೆದರಿಕೆಯೂ ಅಲ್ಲ. ಇಂಥ ಸದ್ದಿಲ್ಲದ ನಡೆಗಳು ಪಟ್ಟಿಯ ಹೊರಗೇ ಉಳಿಯುತ್ತವೆ, ಮಿಡಲ್ ಗೇಮ್ ಬಹುಪಾಲು ಅವುಗಳ ಮೇಲೆಯೇ ನಿಂತಿರುತ್ತದೆ.

ಹಾಗಾಗಿ ನಮ್ಮ ಬಡಾವಣೆಗಳ ಶಿಕ್ಷಕರು ಆ ಮೂರರ ಜೊತೆ ಇನ್ನೆರಡು ಪ್ರಶ್ನೆ ಸೇರಿಸಲಿ: ಎದುರಾಳಿಗೆ ಈಗ ಏನು ಬೇಕಾಗಿದೆ? ನನ್ನ ಯಾವ ಕಾಯಿ ಕೆಲಸವಿಲ್ಲದೆ ಕೂತಿದೆ? ಉತ್ತರದಿಂದ ಬಂದ ಮೂರು ನಡೆಗಳನ್ನು ಮಗು ಹೋಲಿಸಲಿ, ಮರಳಿ ನೋಡಲಿ. ಮರಳಿದಾಗ ಹೊಸದಾಗಿ ಏನು ಕಂಡಿತೆಂದು ಹೇಳಲಿ. ಹೇಳಲು ಏನೂ ಇಲ್ಲವೆಂದಾದರೆ ನಿರ್ಧರಿಸುವ ಹೊತ್ತು ಬಂದಿದೆ, ಆಡಿಬಿಡಲಿ.